ಅರ್ಪಿಸುವವಳ ಒಡೆತನ: ಕಲ್ಯಾಣದ ಕಾಯಕದಿಂದ ಲೋಹಾರಾ ಸೀಮೆಯ ಕಂಪನಿಯವರೆಗೆ

ತನ್ನದಲ್ಲದ ವಸ್ತುವನ್ನು ದೇವರಿಗೆ ಅರ್ಪಿಸಲು ಬರುತ್ತದೆಯೇ ಎಂಬುದು ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಯಜ್ಞವೆಂದರೆ ದೇವತೆಯನ್ನು ಉದ್ದೇಶಿಸಿ ದ್ರವ್ಯವನ್ನು ತ್ಯಾಗಮಾಡುವುದು, ತ್ಯಾಗವೆಂದರೆ ಆ ದ್ರವ್ಯದ ಮೇಲಿನ ತನ್ನ ಒಡೆತನವನ್ನು ಬಿಟ್ಟುಕೊಡುವುದು ಎಂದು ವಿವರಿಸುವ ಪೂರ್ವಮೀಮಾಂಸೆಗೆ, ಅಂದರೆ ವೇದದ ವಿಧಿವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರಕ್ಕೆ, ಈ ಪ್ರಶ್ನೆಯನ್ನು ಬದಿಗಿಡುವುದು ಸಾಧ್ಯವಿರಲಿಲ್ಲ. ಒಡೆತನವಿಲ್ಲದಲ್ಲಿ ತ್ಯಾಗವಿಲ್ಲ, ತ್ಯಾಗವಿಲ್ಲದಲ್ಲಿ ಯಜ್ಞವಿಲ್ಲ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೊದಲ ಪಾದವು ಯಜ್ಞಮಾಡುವ ಅಧಿಕಾರ ಯಾರಿಗುಂಟು ಎಂದು ಚರ್ಚಿಸುತ್ತ ಹೆಂಗಸಿನ ವಿಷಯಕ್ಕೆ ಬಂದು ತಡೆದು ನಿಲ್ಲುವುದು ಇದೇ ಕಾರಣಕ್ಕೆ.

ಅಲ್ಲಿನ ಪೂರ್ವಪಕ್ಷ, ಎಂದರೆ ಖಂಡಿಸುವ ಸಲುವಾಗಿ ಮೊದಲು ಮಂಡಿಸುವ ಎದುರಾಳಿಯ ವಾದ, ಹೀಗಿದೆ: ಹೆಣ್ಣನ್ನು ಕನ್ಯಾಶುಲ್ಕ ಕೊಟ್ಟು ಕೊಳ್ಳುತ್ತಾರೆ, ಕೊಳ್ಳಲ್ಪಟ್ಟವಳಿಗೆ ತನ್ನದೆಂಬುದಿಲ್ಲ, ಆದ್ದರಿಂದ ಆಕೆಗೆ ಯಜ್ಞದ ಅಧಿಕಾರವೂ ಇಲ್ಲ. ಹೆಂಡತಿ, ಮಗ ಮತ್ತು ದಾಸ ಈ ಮೂವರೂ ಧನವಿಲ್ಲದವರು, ಅವರು ಗಳಿಸಿದ್ದು ಅವರ ಒಡೆಯನದು ಎಂಬ ಮನುಸ್ಮೃತಿಯ ಎಂಟನೆಯ ಅಧ್ಯಾಯದ ಮಾತು ಈ ವಾದದ ಬೆನ್ನಿಗಿದೆ. ಜೈಮಿನಿಯ ಸಿದ್ಧಾಂತ ಇದನ್ನು ಒಪ್ಪುವುದಿಲ್ಲ. ಫಲದ ಬಯಕೆ ಗಂಡಿಗಿರುವಷ್ಟೇ ಹೆಣ್ಣಿಗೂ ಇದೆ, ದ್ರವ್ಯದ ಸಂಬಂಧವೂ ಆಕೆಗಿದೆ ಎಂದು ಸೂತ್ರಗಳು ಹೇಳುತ್ತವೆ. ಭಾಷ್ಯಕಾರನಾದ ಶಬರನು ಒಂದು ಹೆಜ್ಜೆ ಮುಂದೆ ಹೋಗಿ, ಶ್ರುತಿಗೆ ವಿರುದ್ಧವಾದ ಸ್ಮೃತಿವಚನ ನಿಲ್ಲಲಾರದಾದ್ದರಿಂದ ಹೆಂಗಸು ನಿರ್ಧನಳೆಂಬ ಮಾತನ್ನು ಅಕ್ಷರಶಃ ಹಿಡಿಯಬಾರದೆನ್ನುತ್ತಾನೆ. ಆಕೆ ಒಬ್ಬಳೇ ಯಜ್ಞಮಾಡುವಂತಿಲ್ಲ, ದಂಪತಿಗಳು ಕೂಡಿಯೇ ಮಾಡಬೇಕು ಎಂಬ ಮಿತಿಯನ್ನು ಅದೇ ಶಾಸ್ತ್ರ ಹಾಕಿತೆಂಬುದನ್ನು ಮರೆಯುವಂತಿಲ್ಲವಾದರೂ, ಹೆಣ್ಣಿನ ಧಾರ್ಮಿಕ ಅರ್ಹತೆ ಆಕೆಯ ಆಸ್ತಿಯ ಹಕ್ಕಿನೊಡನೆ ಒಂದೇ ಗಂಟಿನಲ್ಲಿ ಸೇರಿಕೊಂಡಿದೆ ಎಂಬುದನ್ನು ಮೀಮಾಂಸಕರು ಸ್ಪಷ್ಟವಾಗಿ ಕಂಡಿದ್ದರು. ತಮ್ಮ ಕೈಯಾರೆ ಉದ್ಯಮ ಕಟ್ಟಿ ಬೆಳೆಸಿದ ಹೆಂಗಸರ ಕುರಿತು ಇಂದು ನಡೆಯುವ ಮಾತುಕತೆ ಸಾಮಾನ್ಯವಾಗಿ ಸಾಧನೆ, ಸಾಲ, ಮಾರುಕಟ್ಟೆಗಳಲ್ಲಿಯೇ ಮುಗಿದುಹೋಗುತ್ತದೆ. ಅದರ ತಳದಲ್ಲಿರುವ ಧರ್ಮಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಯನ್ನು ಕೇಳಲು ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಗಿಂತ ತಕ್ಕ ನೆಲ ಸಿಗುವುದು ಕಷ್ಟ. ಇಂದು ಮಹಾರಾಷ್ಟ್ರದ ಧಾರಾಶಿವ ಮತ್ತು ಲಾತೂರು ಜಿಲ್ಲೆಗಳಿಗೆ ಸೇರಿದ ಈ ತಾಲೂಕುಗಳು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಲಂಗಾ ಮತ್ತು ಉದಗೀರ ಆ ಬಳಿಕವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯ ಭಾಗವೇ ಆಗಿದ್ದವು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಕುಟುಂಬಗಳು ಇಲ್ಲಿ ಈಗಲೂ ಇವೆ. ಉಮರ್ಗಾದ ಪೂರ್ವಕ್ಕೆ, ರಾಜ್ಯದ ಗಡಿ ದಾಟಿದರೆ ಬಸವಕಲ್ಯಾಣ, ಅಂದರೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಹೆಂಗಸಿನ ಗಳಿಕೆಯ ಬಗ್ಗೆ ನಾಡಿನ ಎರಡು ದೊಡ್ಡ ಆಲೋಚನೆಗಳು ನೂರು ವರ್ಷದ ಒಳಗೆ ಹುಟ್ಟಿದ್ದು ಆ ಒಂದೇ ಊರಿನಲ್ಲಿ, ಮತ್ತು ಅವೆರಡೂ ಒಂದನ್ನೊಂದು ನೇರವಾಗಿ ಎದುರುಗೊಂಡಂತೆ ತೋರುವುದಿಲ್ಲ.

ಮೊದಲನೆಯದು ವಿಜ್ಞಾನೇಶ್ವರನದು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಮುಂದೆ ಭಾರತದ ಬಹುಭಾಗದ ಹಿಂದೂ ದಾಯಭಾಗಕ್ಕೆ, ಎಂದರೆ ಆಸ್ತಿಯ ಪಾಲು ಮತ್ತು ವಾರಸಿಕೆಯ ನಿಯಮಗಳಿಗೆ, ಆಧಾರವಾಯಿತು. ಸ್ತ್ರೀಧನವೆಂದರೆ ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ದೊರೆತದ್ದು, ‘ಮುಂತಾದದ್ದು’ ಎಂದು ಯಾಜ್ಞವಲ್ಕ್ಯ ಹೇಳಿ ಸುಮ್ಮನಾಗಿದ್ದ. ವಿಜ್ಞಾನೇಶ್ವರ ಆ ‘ಮುಂತಾದದ್ದು’ ಎಂಬ ಪುಟ್ಟ ಪದದ ಬಾಗಿಲನ್ನು ಅಗಲವಾಗಿ ತೆರೆದ. ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು, ಒಡೆಯರಿಲ್ಲದ ಕಾಡಿನ ಕಟ್ಟಿಗೆ ಹುಲ್ಲುಗಳಂತೆ ಸ್ವಾಧೀನಪಡಿಸಿಕೊಂಡದ್ದು, ನಿಧಿಯಂತೆ ದೊರೆತದ್ದು, ಇವೆಲ್ಲವೂ ಸ್ತ್ರೀಧನವೇ ಎಂದು ಅವನು ಬರೆದ. ಸ್ತ್ರೀಧನವೆಂಬುದನ್ನು ಪಾರಿಭಾಷಿಕ ಪದವಾಗಿ ಅಲ್ಲ, ಶಬ್ದ ಹೇಳುವ ಹಾಗೆಯೇ ‘ಹೆಂಗಸಿನ ಧನ’ ಎಂದು ತಿಳಿಯಬೇಕೆಂದ. ಅದು ಧೈರ್ಯದ ಮಾತು. ಆದರೂ ಆ ಐದರ ಸಾಲಿನಲ್ಲಿ ಹೆಂಗಸು ತನ್ನ ಕೈಕಸುಬಿನಿಂದ ಗಳಿಸಿದ್ದು ಬೇರೆಯಾಗಿ ಹೆಸರಿಸಲ್ಪಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಕಾತ್ಯಾಯನಸ್ಮೃತಿಯಂತೂ ಇದೇ ಗಳಿಕೆಯನ್ನು ಹೊರಗಿಡುತ್ತದೆ: ಶಿಲ್ಪದಿಂದ, ಎಂದರೆ ನೂಲುವುದು ನೇಯುವುದು ಮೊದಲಾದ ಕೈಕೆಲಸದಿಂದ, ದೊರೆತದ್ದರ ಮೇಲೆ ಗಂಡನ ಸ್ವಾಮ್ಯ, ಉಳಿದದ್ದು ಮಾತ್ರ ಸ್ತ್ರೀಧನ ಎಂಬ ಅದರ ನಿಯಮವನ್ನು ಮುಂದಿನ ನಿಬಂಧಕಾರರು, ಎಂದರೆ ಧರ್ಮಶಾಸ್ತ್ರದ ಸಂಗ್ರಹಗ್ರಂಥಗಳನ್ನು ಬರೆದವರು, ಮತ್ತೆ ಮತ್ತೆ ಉಲ್ಲೇಖಿಸಿದರು. ಇದರ ತಾತ್ಪರ್ಯ ಕಠೋರವಾದದ್ದು. ಹೆಂಗಸಿಗೆ ತನ್ನ ಬಂಧುಗಳು ಪ್ರೀತಿಯಿಂದ ಕೊಟ್ಟದ್ದು ಆಕೆಯದು. ಆಕೆ ಬೆವರು ಸುರಿಸಿ ಗಳಿಸಿದ್ದು ಆಕೆಯದಲ್ಲ.

ಎರಡನೆಯ ಆಲೋಚನೆ ಅದೇ ಊರಿನಲ್ಲಿ, ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ನೆರೆದ ಶರಣಶರಣೆಯರದು. ಕಾಯಕವೆಂದರೆ ಜೀವನೋಪಾಯವೂ ಆಗಿರುವ, ಪೂಜೆಯೂ ಆಗಿರುವ ದುಡಿಮೆ; ದಾಸೋಹವೆಂದರೆ ಆ ದುಡಿಮೆಯ ಫಲವನ್ನು ‘ನಾನು ದಾಸ’ ಎಂಬ ಭಾವದಿಂದ ಜಂಗಮಕ್ಕೆ, ಅಂದರೆ ಚಲಿಸುವ ದೇವರಾದ ಸಮುದಾಯಕ್ಕೆ, ಸಲ್ಲಿಸುವುದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ಬಾಗುತ್ತಾನೆ. ವಚನ ಬರೆದ ಮೂವತ್ತಕ್ಕೂ ಹೆಚ್ಚು ಹೆಂಗಸರಲ್ಲಿ ಹಲವರ ಹೆಸರಿನ ಮುಂದೆ ತಂದೆಯ ಊರಾಗಲಿ ಗಂಡನ ಕುಲವಾಗಲಿ ಇಲ್ಲ, ಅವರ ಕಸುಬಿದೆ. ಕದಿರ ರೆಮ್ಮವ್ವೆಯ ಹೆಸರಿನಲ್ಲಿ ನೂಲುವ ಕದಿರು, ಕೊಟ್ಟಣದ ಸೋಮವ್ವೆಯ ಹೆಸರಿನಲ್ಲಿ ಭತ್ತ ಕುಟ್ಟುವ ಕೆಲಸ, ಧೂಪದ ಗೊಗ್ಗವ್ವೆಯ ಹೆಸರಿನಲ್ಲಿ ಧೂಪದ ಕಾಯಕ ನಿಂತಿವೆ. ಕಾತ್ಯಾಯನನ ನಿಯಮ ಯಾವ ಕೈಕೆಲಸದ ಫಲವನ್ನು ಹೆಂಗಸಿನಿಂದ ಕಿತ್ತುಕೊಂಡಿತೋ ಅದೇ ಕೈಕೆಲಸ ಇಲ್ಲಿ ಆಕೆಯ ಗುರುತಾಯಿತು, ರೆಮ್ಮವ್ವೆಯಲ್ಲಿ ಕದಿರೇ ವಚನದ ರೂಪಕವಾಯಿತು. ಕಸಗುಡಿಸುವ ಕಾಯಕದ ಸತ್ಯಕ್ಕ ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂದು ಆಣೆಯಿಟ್ಟವಳು. ನಿಧಿಯಂತೆ ದೊರೆತದ್ದನ್ನೂ ಹೆಂಗಸಿನ ಧನವೆಂದು ವಿಜ್ಞಾನೇಶ್ವರ ಉದಾರವಾಗಿ ಎಣಿಸಿದ್ದ. ಹಾಗೆ ದೊರೆತದ್ದು ಬೇಡ, ದುಡಿದದ್ದು ಸಾಕು ಎಂದು ಸತ್ಯಕ್ಕ ಅದನ್ನು ತಿರುಗಿಸಿಬಿಟ್ಟಳು.

ಇವರೆಲ್ಲರ ನಡುವೆ ಈ ವಿಚಾರಕ್ಕೆ ಅತಿ ಮುಖ್ಯಳು ಆಯ್ದಕ್ಕಿ ಲಕ್ಕಮ್ಮ. ಆಕೆಯ ಗಂಡ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು, ಅದನ್ನು ಅಡಿಗೆಮಾಡಿ ದಾಸೋಹ ನಡೆಸುವುದು ಆಕೆಯದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದು ಆಸೆಯ ಫಲವೆಂದು ಎಚ್ಚರಿಸಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರಲು ಕಳಿಸಿದ ಪ್ರಸಂಗ ಶೂನ್ಯಸಂಪಾದನೆಗಳಲ್ಲಿ, ಎಂದರೆ ಶರಣರ ಸಂವಾದರೂಪದ ವಚನಸಂಕಲನಗಳಲ್ಲಿ, ಬರುತ್ತದೆ. ಅದನ್ನು ಸಾಮಾನ್ಯವಾಗಿ ಅಸಂಗ್ರಹದ, ಅಂದರೆ ಕೂಡಿಡದಿರುವಿಕೆಯ ಪಾಠವೆಂದು ಓದುತ್ತಾರೆ. ಆ ಓದು ಸರಿಯಾದದ್ದೇ, ಆದರೆ ಅರ್ಧದ್ದು. ಪ್ರಸಂಗದಲ್ಲಿ ಅಕ್ಕಿಯ ಅಳತೆಯನ್ನು ನಿರ್ಧರಿಸುತ್ತಿರುವವಳು ಯಾರು ಎಂಬುದನ್ನು ನೋಡಬೇಕು. ಅಂದಿನ ಅಕ್ಕಿ ಎಷ್ಟಿರಬೇಕೆಂದು ಕೈಯಳತೆಯಲ್ಲಿಯೇ ತಿಳಿದವಳು ಲಕ್ಕಮ್ಮ, ಬೇಡವೆಂದು ಹೇಳುವ ಹಕ್ಕಿದ್ದವಳು ಲಕ್ಕಮ್ಮ, ಹಿಂದಿರುಗಿಸಲು ಹೋದವನು ಗಂಡ. ಆಕೆ ತನ್ನ ಮನೆಯ ಕಾಯಕದ ಒಡತಿಯಾಗಿದ್ದುದರಿಂದಲೇ ಆ ನಿರಾಕರಣೆಗೆ ಬೆಲೆ ಬಂದಿತು.

ಈ ಅರ್ಧ ಓದಿನಿಂದ ಆಗಿರುವ ಹಾನಿ ಸಣ್ಣದಲ್ಲ. ಏನೂ ಇಲ್ಲದವಳಿಗೆ ಕೂಡಿಡಬೇಡ ಎಂದು ಬೋಧಿಸುವುದು, ಹೊಲದ ಪಹಣಿಯಲ್ಲಾಗಲಿ ಮನೆಯ ಉತಾರೆಯಲ್ಲಾಗಲಿ ಹೆಸರಿಲ್ಲದವಳಿಗೆ ತ್ಯಾಗಮೂರ್ತಿ ಎಂದು ಬಿರುದು ಕೊಡುವುದು ಧರ್ಮದ ಮಾತಿನ ವೇಷ ಹಾಕಿದ ವಂಚನೆ. ಅಕ್ಕಮಹಾದೇವಿ ಅರಮನೆಯನ್ನು ಬಿಟ್ಟು ನಡೆದದ್ದು ವೈರಾಗ್ಯ, ಏಕೆಂದರೆ ಅಲ್ಲಿ ಬಿಡಲು ಏನೋ ಇತ್ತು, ಬಿಡುವ ನಿರ್ಧಾರ ಆಕೆಯದೇ ಆಗಿತ್ತು. ತವರಿನ ಆಸ್ತಿಯಲ್ಲಿ ಹಕ್ಕುಬಿಡುಗಡೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಉಡಿಯಲ್ಲಿ ಐದು ಹಿಡಿ ಅಕ್ಕಿ, ಒಂದು ಕುಬಸದ ಖಣ ತುಂಬಿಸಿಕೊಂಡು ಮರಳುವ ಮಗಳದು ವೈರಾಗ್ಯವಲ್ಲ. ಹೊರಗಿನಿಂದ ನೋಡಿದರೆ ಎರಡೂ ಬರಿಗೈಯೇ ಆಗಿರುವುದರಿಂದ, ಬಿಟ್ಟುಕೊಟ್ಟದ್ದು ಯಾವುದು, ಬಿಡಿಸಿಕೊಂಡದ್ದು ಯಾವುದು ಎಂದು ಬೇರೆಮಾಡಿ ನೋಡುವ ಕೆಲಸವನ್ನು ಧರ್ಮಚಿಂತನೆ ಮಾಡದೆ ಬೇರೆ ಯಾವುದು ಮಾಡೀತು?

ಕಾನೂನು ಈ ಹಾದಿಯಲ್ಲಿ ನಿಧಾನವಾಗಿ, ಕೆಲವೊಮ್ಮೆ ಹಿಮ್ಮುಖವಾಗಿ ನಡೆಯಿತು. ವಿಜ್ಞಾನೇಶ್ವರ ತೆರೆದಿದ್ದ ಬಾಗಿಲನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಚ್ಚತೊಡಗಿತು. ವಾರಸಾಗಿ ಬಂದ ಆಸ್ತಿ ಹೆಂಗಸಿನ ಸ್ತ್ರೀಧನವಾಗದೆಂದು 1903ರ ತೀರ್ಪೊಂದು ಹೇಳಿತು, ಮುಂಬಯಿಯ ನ್ಯಾಯಾಲಯಗಳು ಮಾತ್ರ ಮಿತಾಕ್ಷರೆಗೆ ತುಸು ಹೆಚ್ಚು ನಿಷ್ಠವಾಗಿ ಉಳಿದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿಯನ್ನು ಆಕೆಯ ಪೂರ್ಣ ಒಡೆತನವೆಂದು ಸಾರಿ, ಅದು ದೊರೆಯಬಹುದಾದ ದಾರಿಗಳನ್ನು ಎಣಿಸುವಾಗ ‘ತನ್ನ ಸ್ವಂತ ಕೌಶಲ ಅಥವಾ ದುಡಿಮೆ’ಯನ್ನು ಹೆಸರಿಟ್ಟು ಸೇರಿಸಿತು. ಕಾತ್ಯಾಯನನ ನಿಯಮಕ್ಕೆ ಉತ್ತರ ಸಿಕ್ಕಿದ್ದು ಆಗ. ಲೋಹಾರಾ ಸೀಮೆಯವರಿಗೆ ಆ ವರ್ಷ ನೆನಪಿರುವುದು ಬೇರೆ ಕಾರಣಕ್ಕೆ; ನಿಲಂಗಾ ಉದಗೀರಗಳು ಬೀದರದಿಂದ ಬೇರ್ಪಟ್ಟದ್ದು ಅದೇ ವರ್ಷದ ನವೆಂಬರಿನಲ್ಲಿ. ಹುಟ್ಟಿನಿಂದಲೇ ಹೆಣ್ಣುಮಕ್ಕಳು ಕೂಡುಕುಟುಂಬದ ಆಸ್ತಿಗೆ ಹಕ್ಕುದಾರರೆಂಬ ನಿಯಮ ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂದಿತು.

ಆದರೆ 1956ರ ಅದೇ ಕಾಯಿದೆಯ 15ನೆಯ ಕಲಮಿನಲ್ಲಿ ಹಳೆಯ ನೆರಳು ಉಳಿದುಕೊಂಡಿದೆ. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ತಾನೇ ಗಳಿಸಿದ ಆಸ್ತಿ ಮೊದಲು ಸಲ್ಲುವುದು ಗಂಡನ ವಾರಸುದಾರರಿಗೆ, ಆಮೇಲೆ ಆಕೆಯ ತಂದೆತಾಯಿಗೆ. ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರಹಾಕಲ್ಪಟ್ಟು, ತವರಿನವರು ಓದಿಸಿದ್ದರಿಂದ ನೌಕರಿ ಹಿಡಿದು ಆಸ್ತಿ ಮಾಡಿದ್ದ ಹೆಂಗಸೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಸಹಾನುಭೂತಿಯಿಂದ ಕಾನೂನನ್ನು ಬದಲಿಸಲಾಗದೆಂದು ಹೇಳಿ, ಆಕೆಯ ಗಳಿಕೆಯನ್ನೆಲ್ಲ ಗಂಡನ ಕಡೆಯವರಿಗೇ ಕೊಟ್ಟಿತು. ಗಂಡನಿಗೆ ಸಲ್ಲುವುದೆಂದು ಕಾತ್ಯಾಯನ ಜೀವಂತ ಹೆಂಗಸಿನ ಗಳಿಕೆಯ ಬಗ್ಗೆ ಹೇಳಿದ್ದನ್ನು ಈ ಕಲಮು ಸತ್ತ ಹೆಂಗಸಿನ ಗಳಿಕೆಯ ಬಗ್ಗೆ ಹೇಳುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ ಲೋಹಾರಾ ಸೀಮೆಯ ಹೆಂಗಸರ ದುಡಿಮೆಯ ಚರಿತ್ರೆಯನ್ನು ಎರಡಾಗಿ ಸೀಳಿತು. ಔಸಾ ತಾಲೂಕಿನ ಕಿಲ್ಲಾರಿ, ಇಂದಿನ ಲೋಹಾರಾ ತಾಲೂಕಿನ ಸಾಸ್ತೂರು ಮೊದಲಾದ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಸತ್ತವರು ಸುಮಾರು 10,000 ಮಂದಿ. ಪುನರ್ವಸತಿಯ ಕಾಲದಲ್ಲಿ, ಪ್ರೇಮಾ ಗೋಪಾಲನ್ ಕಟ್ಟಿದ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಊರೂರಿನ ಹೆಂಗಸರನ್ನೇ ಸರ್ಕಾರ ಮತ್ತು ಮನೆಯವರ ನಡುವಿನ ಸಂವಾದ ಸಹಾಯಕರನ್ನಾಗಿ ನಿಲ್ಲಿಸಿತು. ಸಿಮೆಂಟು ಎಷ್ಟು ಬಂತು, ಕಂಬಿ ಎಲ್ಲಿಗೆ ಹೋಯಿತು ಎಂದು ಎದ್ದುನಿಂತು ಕೇಳಲು ಕಲಿತ ಹೆಂಗಸರು ಮನೆ ಕಟ್ಟಿ ಮುಗಿದ ಮೇಲೆ ಮತ್ತೆ ಒಲೆಯ ಮುಂದೆ ಹೋಗಿ ಕೂಡಲಿಲ್ಲ. ಬಚತ್ ಗಟಗಳನ್ನು, ಎಂದರೆ ವಾರಕ್ಕೋ ತಿಂಗಳಿಗೋ ಇಷ್ಟಿಷ್ಟು ಕೂಡಿಟ್ಟು ತಮ್ಮೊಳಗೇ ಸಾಲ ಕೊಡುವ ಉಳಿತಾಯ ಗುಂಪುಗಳನ್ನು, ಕಟ್ಟಿಕೊಂಡರು. ಆ ಪರಂಪರೆಯಿಂದ ಬೆಳೆದವರಲ್ಲಿ ಧಾರಾಶಿವ ಜಿಲ್ಲೆಯ ಹಿಂಗಳಜವಾಡಿಯ ಕಮಲ ಕುಂಭಾರ ಒಬ್ಬರು. ಕೋಳಿ ಸಾಕಣೆಯನ್ನು ಉದ್ಯಮವಾಗಿ ಕಟ್ಟಿ, ಇತರ ಹೆಂಗಸರನ್ನೂ ಅದೇ ದಾರಿಗೆ ತಂದ ಅವರಿಗೆ 2021ನೆಯ ಸಾಲಿನ ನಾರಿ ಶಕ್ತಿ ಪುರಸ್ಕಾರವನ್ನು ರಾಷ್ಟ್ರಪತಿಗಳು 2022ರ ಮಾರ್ಚ್ 8ರಂದು ನೀಡಿದರು.

ದೊಡ್ಡ ಹೆಸರುಗಳ ಆಚೆ, ಈ ಗಡಿಯ ಎರಡೂ ಬದಿಗೆ ಹೆಂಗಸರು ಕಟ್ಟಿದ ಅತಿ ಸಾಮಾನ್ಯ ಉದ್ಯಮ ಖಡಕ್ ರೊಟ್ಟಿಯದು. ಕುದಿನೀರಿನಲ್ಲಿ ಜೋಳದ ಹಿಟ್ಟನ್ನು ಕಲಸಿ, ಬಿಸಿಯಾರುವ ಮೊದಲೇ ಅಂಗೈಯ ಬುಡದಿಂದ ನಾದಿ, ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಎರಡೂ ಕೈಯಿಂದ ತಟ್ಟುತ್ತ ತಿರುಗಿಸಿದಾಗ ಅಂಚು ಒಡೆಯದೆ ತೆಳುವಾಗಿ ಹರಡಬೇಕು. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಉಬ್ಬಿದ್ದನ್ನು ತೆಗೆದು, ಬೆಚ್ಚಗಿನ ಒಲೆಯ ಬದಿಗೆ ಆನಿಸಿಟ್ಟು ತೇವವೆಲ್ಲ ಆರಿಸಿದರೆ ಹಪ್ಪಳದಂತೆ ಗರಿಗರಿಯಾಗಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ, ಅಂಬಲಿಗಳೊಡನೆ ಬಂದವರಿಗೆಲ್ಲ ಬಡಿಸುವಾಗ ಇದೇ ರೊಟ್ಟಿಯ ರಾಶಿಯನ್ನು ಯಾರೂ ಎಣಿಸುವುದಿಲ್ಲ, ಹಿಂದಿನ ರಾತ್ರಿಯೆಲ್ಲ ತಟ್ಟಿದ ಕೈಗಳ ಲೆಕ್ಕವನ್ನೂ ಇಡುವುದಿಲ್ಲ. ಅದೇ ರೊಟ್ಟಿ ಶೇಂಗಾ ಚಟ್ನಿಯ ಜೊತೆ ಪ್ಯಾಕೆಟ್ಟಿಗೆ ಸೇರಿ ಊರಾಚೆ ಹೋಗುವಾಗ ಮೊದಲ ಸಲ ಡಜನ್ನಿನ ಲೆಕ್ಕದಲ್ಲಿ ಎಣಿಕೆಗೆ ಬರುತ್ತದೆ. ಎಣಿಸಲ್ಪಟ್ಟದ್ದರಿಂದ ಅದರ ಪಾವಿತ್ರ್ಯ ಕೆಟ್ಟಿತೆನ್ನುವವರು, ಎಣಿಸದಿದ್ದಾಗ ಅದು ಯಾರ ಹೆಸರಿನಲ್ಲಿ ಅರ್ಪಿತವಾಗುತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಹೊಲ ಯಜಮಾನನದು, ಪೂಜೆ ಯಜಮಾನನದು, ಊಟಕ್ಕೆ ಕರೆದ ಪುಣ್ಯವೂ ಯಜಮಾನನದೇ.

ಇಷ್ಟಾದರೂ ಲಕ್ಕಮ್ಮನ ಪ್ರಶ್ನೆಯನ್ನು ಉದ್ಯಮಿಯ ಮುಂದಿಡದೆ ಬಿಡುವಂತಿಲ್ಲ. ಕಾಯಕ ಅಂದಂದಿಗೆ ಮುಗಿಯುವಂಥದು. ಕಂಪನಿ ಎಂದಿಗೂ ಮುಗಿಯದಂತೆ ಕಟ್ಟಲ್ಪಟ್ಟದ್ದು. ಕಾನೂನಿನ ಕಣ್ಣಿನಲ್ಲಿ ಕಂಪನಿ ಅದನ್ನು ಕಟ್ಟಿದವರಿಂದ ಬೇರೆಯಾದ ಒಬ್ಬ ಕೃತಕ ವ್ಯಕ್ತಿ, ಅದರ ಆಸ್ತಿ ಅದರದೇ. ದೇವಸ್ಥಾನದಲ್ಲಿ ಪ್ರತಿಷ್ಠಾಪಿತವಾದ ದೇವರನ್ನೂ ಭಾರತದ ನ್ಯಾಯಾಲಯಗಳು ಇಂಥದೇ ಕಾನೂನುಸಮ್ಮತ ವ್ಯಕ್ತಿಯೆಂದು ಗಣಿಸುತ್ತವೆ. ಹಸಿವೂ ಸಾವೂ ಇಲ್ಲದ ಇಂಥ ವ್ಯಕ್ತಿಗೆ ಎಷ್ಟು ಅಕ್ಕಿ ಸಾಕು ಎಂದು ನಿಶ್ಚಯಿಸುವವರು ಯಾರು? ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ದುಡಿಮೆಯನ್ನು ದೇವರ ಕರೆಯೆಂದು ತಿಳಿದು ಭೋಗವನ್ನು ನಿಗ್ರಹಿಸಿದ ಪ್ರೊಟೆಸ್ಟಂಟರ ಕೈಯಲ್ಲಿ ಉಳಿದ ಹಣ ತಾನಾಗಿಯೇ ಬಂಡವಾಳವಾಗಿ ಬೆಳೆಯಿತೆಂದು ವಾದಿಸಿದ. ಕಾಯಕವನ್ನು ಅದಕ್ಕೆ ಹೋಲಿಸುವವರು ಒಂದು ಅಂತರವನ್ನು ಮರೆಯುತ್ತಾರೆ: ಶರಣರು ಭೋಗವನ್ನಷ್ಟೇ ಅಲ್ಲ, ಉಳಿಕೆಯನ್ನೂ ತಡೆದರು. ಉಳಿಕೆ ದಾಸೋಹದಲ್ಲಿ ಕರಗಬೇಕಿತ್ತು.

ಹಾಗೆಂದು ಲಕ್ಕಮ್ಮನ ಅಳತೆಯನ್ನು ಮರಾಠವಾಡಾದ ಬರದ ನೆಲಕ್ಕೆ ಇದ್ದಂತೆಯೇ ತಂದಿಡುವುದೂ ನ್ಯಾಯವಲ್ಲ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದ ಸೀಮೆ ಇದು. ಇಲ್ಲಿ ನಾಳೆಗೆ ಇಡುವುದು ಯಾವಾಗಲೂ ಆಸೆಯಲ್ಲ. ಹತ್ತು ಮಂದಿಗೆ ಕೂಲಿ ಕೊಡುವ ಹೆಂಗಸು ಮಳೆ ಬಾರದ ತಿಂಗಳಲ್ಲಿಯೂ ಆ ಹತ್ತು ಮನೆಗಳ ಒಲೆ ಉರಿಸಬೇಕಾದ ಹೊಣೆಗಾರಳು, ಮತ್ತು ಹೊಣೆಗಾಗಿ ಇಟ್ಟದ್ದು ಆಸೆಗಾಗಿ ಇಟ್ಟದ್ದಕ್ಕಿಂತ ಬೇರೆ. ಈ ಭೇದ ವಚನಗಳಲ್ಲಿ ಈ ರೂಪದಲ್ಲಿ ಇಲ್ಲ. ಆದರೆ ಅವುಗಳ ಸತ್ತ್ವದಿಂದ ಇದನ್ನು ತೆಗೆಯಲು ಅಡ್ಡಿಯಿಲ್ಲ. ನಿಜವಾದ ಕಷ್ಟವಿರುವುದು ಕೂಲಿಯಲ್ಲಿ. ಒಬ್ಬಳ ಹೆಸರಿನ ಉದ್ಯಮದಲ್ಲಿ ರೊಟ್ಟಿ ತಟ್ಟುವ ಇತರರ ಕೈಕೆಲಸದ ಫಲ ಯಾರದು? ಒಡತಿ ಅದನ್ನೆಲ್ಲ ತನ್ನದೆಂದರೆ, ಕಾತ್ಯಾಯನ ಗಂಡನಿಗೆ ಕೊಟ್ಟ ಸ್ವಾಮ್ಯವನ್ನು ಆಕೆ ತಾನು ವಹಿಸಿಕೊಂಡಂತಾಗುತ್ತದೆ.

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಸಂಸ್ಥೆ, ಹಪ್ಪಳ ಲಟ್ಟಿಸುವ ಪ್ರತಿಯೊಬ್ಬಳೂ ಸಹ-ಒಡತಿಯೇ ಎಂಬ ನಿಯಮದಿಂದ ಇದಕ್ಕೆ ಒಂದು ಉತ್ತರ ಕೊಟ್ಟಿತು. ಬೆಂಗಳೂರಿನ ಕಿರಣ್ ಮಜುಂದಾರ್-ಶಾ 1978ರಲ್ಲಿ 10,000 ರೂಪಾಯಿಯೊಡನೆ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಆರಂಭಿಸಿದ ಬಯೋಕಾನ್ ಬೇರೆ ದಾರಿಯದು. ಹೆಂಗಸೆಂಬ ಕಾರಣಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದ ಕಾಲದಲ್ಲಿ ಕಟ್ಟಿದ ಆ ಸಂಪತ್ತಿನ ಹೆಚ್ಚಿನ ಭಾಗವನ್ನು ಲೋಕಹಿತಕ್ಕೆ ಕೊಡುವೆನೆಂದು ಅವರು 2016ರಲ್ಲಿ ಸಾರಿದರು. ಅದು ದೊಡ್ಡ ದಾನ, ಗೌರವಕ್ಕೆ ಅರ್ಹವಾದದ್ದು. ದಾಸೋಹದ ಕಡೆಗೆ ಹೆಚ್ಚು ಹತ್ತಿರ ಬರುವುದು ಮಾತ್ರ ಲಿಜ್ಜತ್ತಿನ ರೀತಿ, ಏಕೆಂದರೆ ಅಲ್ಲಿ ಹಂಚಿಕೆ ಗಳಿಕೆಯ ಕೊನೆಗೆ ಬರುವುದಿಲ್ಲ, ಗಳಿಕೆಯ ಒಳಗೇ ಇರುತ್ತದೆ.

ಭಾರತದ ಕಂಪನಿ ಕಾನೂನಿಗೆ 2003ರಿಂದ ಸೇರಿದ ಉತ್ಪಾದಕ ಕಂಪನಿ ಎಂಬ ರೂಪ ಈ ಎರಡರ ನಡುವಿನದು. ದುಡಿಯುವವರೇ ಸದಸ್ಯರು, ವ್ಯಕ್ತಿಗಳೇ ಸದಸ್ಯರಾಗಿರುವಲ್ಲಿ, ಒಬ್ಬಳ ಬಳಿ ಹತ್ತು ಷೇರಿರಲಿ ನೂರಿರಲಿ, ಮತ ಒಂದೇ. ಗಡಿಸೀಮೆಯ ಹೆಂಗಸರ ಗುಂಪುಗಳಿಗೆ ಇದು ಹೊಂದುವ ರೂಪ. ಇದರಲ್ಲಿ ಇನ್ನೊಂದು ನಿಯಮವಿದೆ: ಸದಸ್ಯಳಾದ ಮೂರು ತಿಂಗಳೊಳಗೆ, ತನ್ನ ಸಾವಿನ ಬಳಿಕ ತನ್ನ ಷೇರುಗಳು ಯಾರ ಕೈಸೇರಬೇಕೆಂದು ಆಕೆ ಒಂದು ಹೆಸರು ಸೂಚಿಸಬೇಕು. ವಾರಸಿಕೆಯ ಕಾನೂನನ್ನು ಆ ಒಂದು ಖಾನೆ ಅಳಿಸಿಬಿಡುತ್ತದೆಂದಲ್ಲ. 15ನೆಯ ಕಲಮು ಇದ್ದಲ್ಲಿಯೇ ಇದೆ. ಆದರೂ ಹೊಲದ ಪತ್ರ, ಮನೆಯ ಪತ್ರ, ಪಡಿತರದ ಚೀಟಿಗಳಲ್ಲಿ ಇನ್ನೊಬ್ಬರ ಹೆಸರಿನ ಕೆಳಗೆ ಸಂಬಂಧದ ಖಾನೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಹೆಂಗಸಿಗೆ, ತನ್ನ ದುಡಿಮೆಯ ಫಲ ಯಾರಿಗೆ ಸಲ್ಲಲಿ ಎಂದು ಕಾಗದದ ಮೇಲೆ ಮೊದಲ ಬಾರಿಗೆ ಕೇಳಲಾಗುತ್ತಿದೆ. ಮಗಳ ಹೆಸರೋ, ತಾಯಿಯ ಹೆಸರೋ, ಜೊತೆಯಲ್ಲಿ ರೊಟ್ಟಿ ತಟ್ಟುವ ನೆರೆಮನೆಯವಳ ಹೆಸರೋ, ಯಾವುದನ್ನು ಬರೆಸಬೇಕೆಂದು ಆಕೆ ಯೋಚಿಸುವಷ್ಟು ಹೊತ್ತು ಆ ಖಾನೆ ಖಾಲಿಯಾಗಿಯೇ ಇರುತ್ತದೆ.